ಪುಂಡಿ ನಾರಿನ ಪರವಾಗಿ

ಪರಿಸರಕ್ಕೆ ಹಿತವಾದ ಬಟ್ಟೆಯೆಂದರೆ ಈಗ ಎಲ್ಲರ ಬಾಯಲ್ಲೂ ಹೆಂಪ್. ನಿಜ, ಆ ಗಿಡ ಬೇಗ ಬೆಳೆಯುತ್ತದೆ, ಕಳೆಗೆ ತಲೆಯೆತ್ತಗೊಡುವುದಿಲ್ಲ, ಹತ್ತಿಯಷ್ಟು ನೀರು ಕೇಳುವುದಿಲ್ಲ. ಆದರೆ ಅದು ಗಾಂಜಾ ಕುಲದ್ದು. 1985ರ ಮಾದಕವಸ್ತು ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದೆ ಬೆಳೆಯುವಂತಿಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿಯ ತೊಗರಿ ಸೀಮೆಗೆ ಅಂಥ ತಂಟೆಯಿಲ್ಲದ ನಾರುಗಿಡವೊಂದು ಗೊತ್ತೇ ಇದೆ: ಪುಂಡಿ. ದಾಸವಾಳದ ಕುಲದ್ದು, ಹತ್ತಿಗೂ ದೂರದ ದಾಯಾದಿ. ಮಳೆಯ ನೀರಿನಲ್ಲೇ ಬೆಳೆದು, ಎಲೆ ಪಲ್ಯವಾಗಿ ಜೋಳದ ರೊಟ್ಟಿಯ ಜೊತೆ ಕೂಡುತ್ತದೆ. ದಂಟಿನ ತೊಗಟೆ ಹಗ್ಗವಾಗುತ್ತದೆ. ಹತ್ತಿಕಾಳು ದನಕ್ಕಾದೀತು, ಹತ್ತಿಯ ಎಲೆ ತಟ್ಟೆಗೆ ಬರದು.

ನಾರು ಒರಟು, ಅಂಗಿಗೆ ಒಗ್ಗದು ಎನ್ನುವವರ ಮಾತಿನಲ್ಲಿ ಹುರುಳಿದೆ. ಬರಿ ಪುಂಡಿಯ ಅಂಗಿ ಮೈ ಕೆರೆಸೀತು. ಅಂಟು ತೆಗೆದು ಹತ್ತಿಯೊಡನೆ ಬೆರೆಸಿ ನೂತರೆ ಮಾತ್ರ ಬಟ್ಟೆಯಾದೀತು. ಇದಕ್ಕಿಂತ ಗಟ್ಟಿ ಆಕ್ಷೇಪ ನಾರು ಬಿಡಿಸಲು ದಂಟನ್ನು ಕೊಳೆಹಾಕುವ ನೀರಿನದು. ದಂಟು ದಿನಗಟ್ಟಲೆ ನೆನೆದ ನೀರು ಪ್ರಾಣವಾಯು ಕಳೆದುಕೊಂಡು ನಾರುತ್ತದೆ. ಕೊಳೆಹಾಕುವುದನ್ನು ಕಾಗಿಣಾ ನದಿಯಲ್ಲೇ ಮಾಡಿದರೆ ಮೀನಿಗೆ ಕುತ್ತು. ತೊಗಟೆಯನ್ನು ಮೊದಲೇ ಸುಲಿದು ಅದನ್ನಷ್ಟೇ ನೆನೆಹಾಕಿದರೆ ನೀರು ಎಷ್ಟೋ ಉಳಿಯುತ್ತದೆ. ನದಿ ಬಿಟ್ಟು ನೆನೆಹಾಕಲು ತೊಟ್ಟಿ ಕಟ್ಟುವುದಾದರೆ ಶಹಾಬಾದಿನ ಕಲ್ಲಿಗೇನು ಬರ? ಇನ್ನು ಅಂಗಿಗೆ ಒಗ್ಗದ ಒರಟು ನಾರು ಚೀಲಕ್ಕಾದರೂ ಒಗ್ಗೀತು. ವಾಡಿಯ ಕಾರ್ಖಾನೆಯ ಸಿಮೆಂಟು ಕೂಡ ಈಗ ಬರುವುದು ಪ್ಲಾಸ್ಟಿಕ್ ಚೀಲದಲ್ಲಿ. ಒಂದು ಕಾಲಕ್ಕೆ ಸಿಮೆಂಟು ಮನೆಗೆ ಬರುತ್ತಿದ್ದುದು ಸೆಣಬಿನ ಚೀಲದಲ್ಲಿ.