ನಿಧಾನ ಓಟದ ವಿದ್ಯೆ

ಶಾಲೆಯಲ್ಲಿ ಆಟದ ಪೀರಿಯಡ್ ತಪ್ಪಿಸಿಕೊಳ್ಳುತ್ತಿದ್ದವರೂ ನಲವತ್ತು ದಾಟಿದ ಮೇಲೆ ದೂರದ ಓಟಗಾರರಾಗಬಹುದು. ಮೊದಲು ಕಲಿಯಬೇಕಾದದ್ದು ನಿಧಾನವಾಗಿ ಓಡುವುದನ್ನು. ಸಿಂಗಪುರದ ಜುರಾಂಗ್ ಈಸ್ಟ್‌ನ ಪಂಡಾನ್ ಜಲಾಶಯದ ಏರಿ ಅದಕ್ಕೆ ನನಗೆ ತುಂಬ ಇಷ್ಟವಾದ ಜಾಗ. ಸುಮಾರು 6 ಕಿಲೋಮೀಟರಿನ ಸುತ್ತು. ಉಬ್ಬುತಗ್ಗಿಲ್ಲ, ನೆರಳೂ ಇಲ್ಲ.

ಸಿಂಗಪುರದಲ್ಲಿ ವರ್ಷವಿಡೀ ಸೂರ್ಯ ಹುಟ್ಟುವುದು ಬೆಳಿಗ್ಗೆ 7ರ ಆಸುಪಾಸು. ಅಷ್ಟರಲ್ಲೇ ಓಡುವವರ ಮೈ ತೊಯ್ದಿರುತ್ತದೆ. ಗಾಳಿಯಲ್ಲೇ ತೇವ ತುಂಬಿರುವಾಗ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ಬೆಂಗಳೂರಿನ ಚಳಿಗಾಲದ ವೇಗವನ್ನು ಇಲ್ಲಿ ಹುಡುಕಬಾರದು. ಈ ಸೆಕೆಯಲ್ಲೇ ಒಂದೆರಡು ವಾರ ಪಳಗಿದರೆ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದೇ ಓಟಕ್ಕೆ ಎದೆಬಡಿತ ಕಡಿಮೆಯಾಗುತ್ತದೆ. ದೇಹ ತಾನಾಗಿ ಮಾಡಿಕೊಳ್ಳುವ ಈ ಏರ್ಪಾಡು ನನ್ನ ಕಣ್ಣಿಗೆ ಯಾವ ಪದಕಕ್ಕಿಂತಲೂ ದೊಡ್ಡದು.

ನಿಧಾನ ಓಟದ ವಿದ್ಯೆಯ ದೊಡ್ಡ ಗುರು ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಶಿಷ್ಯರಾದ ಪೀಟರ್ ಸ್ನೆಲ್ ಮತ್ತು ಮರ್ರೇ ಹಾಲ್‌ಬರ್ಗ್ ಚಿನ್ನ ಗೆದ್ದರು. ಅದೇ ಲಿಡಿಯಾರ್ಡ್ ಮುಂದೆ ಆಕ್ಲೆಂಡಿನಲ್ಲಿ ನಡುವಯಸ್ಸಿನ ಸಾಮಾನ್ಯರನ್ನು, ಹೃದಯದ ತೊಂದರೆ ಇದ್ದವರನ್ನೂ ಮೆಲ್ಲಗೆ ಓಡಿಸಿದರು. ಮಾತಾಡುತ್ತ ಓಡಲಾಗಬೇಕು ಎಂಬುದೇ ಅಳತೆ. ಪಕ್ಕದವರಿಗೆ ಒಂದು ಪೂರ್ತಿ ವಾಕ್ಯ ಹೇಳಲು ಉಸಿರು ಸಾಲದಿದ್ದರೆ ನಡೆಯಿರಿ, ಆಮೇಲೆ ಮತ್ತೆ ಓಡಿ.

ಹೃದಯ ವಾರಗಳಲ್ಲಿ ಹದಕ್ಕೆ ಬರುತ್ತದೆ. ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಹೊಸಬರ ಹಿಮ್ಮಡಿ, ಮೊಣಕಾಲು ನೋಯುವುದು ಬಹಳ ಸಲ ಈ ಅಂತರದಲ್ಲೇ. ಹಾಗಾಗಿ ಉಸಿರು ಇನ್ನೊಂದು ಸುತ್ತಿಗೆ ಸಿದ್ಧವಿದ್ದರೂ ಮೊದಲ ವರ್ಷ ಕಾಲಿನ ಮಾತು ಕೇಳಿ. ಒಂದೇ ಸುತ್ತಿಗೆ ನಿಲ್ಲಿಸಿ, ಮಾರನೆಯ ದಿನ ಬಿಡುವು ಕೊಡಿ.