ಬೆಂಡು ಮುಳುಗುವ ಮುನ್ನ

ಗಾಳ ಹಾಕುವವರಲ್ಲಿ ಎರಡು ಬಗೆ. ಬೆಂಡು ಮುಳುಗಿದ್ದನ್ನು ಕಂಡು ಕೋಲು ಎತ್ತುವವರು ಒಂದು ಬಗೆ, ಇನ್ನೇನು ಮುಳುಗುತ್ತದೆ ಎನ್ನುವಾಗಲೇ ಎತ್ತುವವರು ಇನ್ನೊಂದು. ಹರಿಹರದ ಹಳೇ ಸೇತುವೆಯ ಆಸುಪಾಸಿನಲ್ಲಿ ಒಂದು ಭಾನುವಾರ ಕೂತು ನೋಡಿ, ಸಂಜೆ ಯಾರ ಚೀಲ ಭಾರವಾಗಿರುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಮೊದಲನೇ ಬಗೆಯವರು ಹುಳು ಸರಿಯಿಲ್ಲ, ಕೊಕ್ಕೆ ಮೊಂಡು, ಹೊಳೆ ಕದಡಿದೆ ಎಂದು ಗೊಣಗುತ್ತಾ ದಾವಣಗೆರೆ ಬಸ್ಸು ಹತ್ತುತ್ತಾರೆ.

ಲೆಕ್ಕ ಸರಳ. ಕಣ್ಣು ಕಂಡದ್ದಕ್ಕೆ ಕೈ ಆಡಲು ಹೆಚ್ಚುಕಡಿಮೆ ಸೆಕೆಂಡಿನ ಐದನೇ ಒಂದು ಪಾಲು ಹಿಡಿಯುತ್ತದೆ. ಎಂಥ ಚುರುಕಿನ ಆಸಾಮಿಯಾದರೂ ಇದರಲ್ಲಿ ದೊಡ್ಡ ಉಳಿತಾಯ ಮಾಡಲಾರ. ಗೆಂಡೆ ಮೀನಿನ ಗುಣ ಬಲ್ಲವರಿಗೆ ಅಷ್ಟು ತಡವೂ ಎಷ್ಟು ದುಬಾರಿ ಎಂದು ಗೊತ್ತು. ಅದು ಬಾಳೆಮೀನಿನಂತೆ ಗಬಕ್ಕನೆ ನುಂಗಿ ಓಡುವುದಿಲ್ಲ. ಹಿಟ್ಟಿನ ಉಂಡೆಯನ್ನು ಬಾಯೊಳಗೆ ಹೀರಿ, ಒಗ್ಗದಿದ್ದರೆ ಉಗಿದು, ಮತ್ತೆ ಹೀರುತ್ತದೆ. ಮೇಲೆ ಬೆಂಡು ಒಮ್ಮೆ ನಡುಗಿ, ಕೂದಲೆಳೆಯಷ್ಟು ಮೇಲೆದ್ದು, ಒಂದು ಪಕ್ಕಕ್ಕೆ ವಾಲಿ, ಆಮೇಲೆ ಓರೆಯಾಗಿ ಜಾರುತ್ತದೆ. ಜಾರಿದ್ದು ನೋಡಿ ಎತ್ತಿದರೆ ಬರಿ ಕೊಕ್ಕೆ. ವಾಲುವಾಗಲೇ ಮಣಿಕಟ್ಟು ಸಿದ್ಧವಾಗಿದ್ದರೆ ಮೀನು.

ಈ ಸಿದ್ಧತೆಯಲ್ಲಿ ದೊಡ್ಡ ಪಾಲು ತಲೆಯ ಹಿಂಬದಿಯಲ್ಲಿ, ಕುತ್ತಿಗೆಗೆ ತುಸು ಮೇಲೆ ಕೂತಿರುವ ಕಿರುಮೆದುಳಿನದು. ಶಾಲೆಯಲ್ಲಿ ಅನುಮಸ್ತಿಷ್ಕ ಎಂದು ಓದಿ ಮರೆತದ್ದು ಇದೇ. ಗಾತ್ರದಲ್ಲಿ ಇಡೀ ಮಿದುಳಿನ ಹತ್ತನೇ ಒಂದು ಪಾಲು, ಆದರೆ ಮನುಷ್ಯನ ಮಿದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಇದರೊಳಗೇ ಇವೆ. ಕುಡಿದವನು ನೆಟ್ಟಗೆ ನಡೆಯಲಾರದಾಗ ಎಡವಟ್ಟಾಗಿರುವ ಜಾಗಗಳಲ್ಲಿ ಇದೂ ಒಂದು. ನರರೋಗದ ವೈದ್ಯರು ತಮ್ಮ ಬೆರಳನ್ನೂ ನಿಮ್ಮ ಮೂಗಿನ ತುದಿಯನ್ನೂ ಸರದಿಯಂತೆ ಮುಟ್ಟಿಸಿ ನೋಡುವುದು ಇದರ ಆರೋಗ್ಯವನ್ನೇ. ಕೈ ಗುರಿಯ ಹತ್ತಿರ ಬಂದು ತಡವರಿಸಿದರೆ, ಗುರಿ ದಾಟಿ ಹೋದರೆ, ಅವರು ಹುಬ್ಬು ಗಂಟಿಕ್ಕುತ್ತಾರೆ.

ಗಾಳದ ಅಂಕಣದಲ್ಲಿ ಇದೆಲ್ಲ ಏಕೆ ಎಂದರೆ, ಈ ಅಂಗ ದಾರದ ಈ ತುದಿಯಲ್ಲಿ ಮಾತ್ರ ಇಲ್ಲ, ಆ ತುದಿಯಲ್ಲೂ ಇದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ, ಅಂದರೆ ಎನ್‌ಸಿಬಿಎಸ್‌ನಲ್ಲಿ, ವತ್ಸಲಾ ತಿರುಮಲೈ ಎಂಬ ವಿಜ್ಞಾನಿ ಮೀನಿನ ಕಿರುಮೆದುಳನ್ನೇ ಹಿಡಿದು ಕೂತಿದ್ದಾರೆ. 2020ರ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಪಡೆದವರಲ್ಲಿ ಅವರೂ ಒಬ್ಬರು. ಅವರ ಮೀನು ಝೀಬ್ರಾ ಮೀನು. ಅಕ್ವೇರಿಯಂ ಅಂಗಡಿಯಲ್ಲಿ ಮೈತುಂಬ ನೀಲಿ ಪಟ್ಟೆ ಹೊತ್ತು, ಒಂದು ಕ್ಷಣ ಸುಮ್ಮನಿರದೆ ಓಡಾಡುವ, ಕಿರುಬೆರಳಿಗಿಂತ ಚಿಕ್ಕದಾದ ಮೀನು. ನಮ್ಮ ಕೊಕ್ಕೆಗೆ ಅದು ಲೆಕ್ಕಕ್ಕಿಲ್ಲ, ವಿಜ್ಞಾನಕ್ಕೆ ಚಿನ್ನ.

ಅದು ಪರದೇಶದ ಮೀನೂ ಅಲ್ಲ. ಭಾರತ, ನೇಪಾಳ, ಬಾಂಗ್ಲಾದೇಶಗಳ ಹಳ್ಳ, ಹೊಂಡ, ಗದ್ದೆಗಾಲುವೆಗಳೇ ಅದರ ತವರು. ಅದಕ್ಕೆ ರೇರಿಯೊ ಎಂಬ ವೈಜ್ಞಾನಿಕ ಹೆಸರು ಕೊಟ್ಟವರ ಕಥೆ ನಮ್ಮೂರಿನವರಿಗೆ ಗೊತ್ತಿರಬೇಕು. ಟಿಪ್ಪು ಮಡಿದ ಮರುವರ್ಷ ಈಸ್ಟ್ ಇಂಡಿಯಾ ಕಂಪನಿ ಮೈಸೂರು ಸೀಮೆಯ ಬೇಸಾಯ, ಕಸುಬು, ವ್ಯಾಪಾರಗಳ ವರದಿ ತರಲು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರನ್ನು ಕಳಿಸಿತು. ಅವರು 1801ರಲ್ಲಿ ಹರಿಹರಕ್ಕೂ ಬಂದರು, ದಾವಣಗೆರೆಗೂ ಬಂದರು, ಇಲ್ಲಿನ ಕಂಬಳಿ ನೇಯ್ಗೆಯನ್ನು ಬರೆದಿಟ್ಟರು. ಮುಂದೆ ತಾಯಿಯ ಕಡೆಯ ಆಸ್ತಿ ಬಂದಾಗ ಹ್ಯಾಮಿಲ್ಟನ್ ಎಂಬ ಹೆಸರಿಟ್ಟುಕೊಂಡ ಅದೇ ಮನುಷ್ಯ 1822ರಲ್ಲಿ ಗಂಗಾ ನದಿಯ ಮೀನುಗಳ ಬಗ್ಗೆ ದಪ್ಪ ಪುಸ್ತಕ ಪ್ರಕಟಿಸಿದರು. ಝೀಬ್ರಾ ಮೀನು ವಿಜ್ಞಾನದ ದಾಖಲೆಗೆ ಸೇರಿದ್ದು ಅದರಲ್ಲಿ.

ಈ ಮೀನಿನ ಅನುಕೂಲ ಇರುವುದು ಮರಿಯಲ್ಲಿ. ಮೊಟ್ಟೆ ತಾಯಿಯ ಹೊಟ್ಟೆಯ ಹೊರಗೆ ಬೆಳೆಯುತ್ತದೆ, ಎರಡು ಮೂರು ದಿನಕ್ಕೆ ಒಡೆಯುತ್ತದೆ, ಐದನೇ ದಿನದ ಹೊತ್ತಿಗೆ ನಾಲ್ಕು ಮಿಲಿಮೀಟರ್ ಉದ್ದದ ಮರಿ ತಾನೇ ಈಜಿ ಬೇಟೆಗಿಳಿಯುತ್ತದೆ. ಮೈ ಪಾರದರ್ಶಕ. ತಲೆಬುರುಡೆ ತೆರೆಯದೆಯೇ ಸೂಕ್ಷ್ಮದರ್ಶಕದಡಿ ಅದರ ನರಕೋಶಗಳನ್ನು ಕಾಣಬಹುದು. ಮನುಷ್ಯರ ಕಿರುಮೆದುಳು ಹುಟ್ಟಿದ ಮೇಲೂ ತಿಂಗಳುಗಟ್ಟಲೆ ಕಟ್ಟಿಕೊಳ್ಳುತ್ತಲೇ ಇರುತ್ತದೆ. ಇಲ್ಲಿ ಅದೇ ಕೆಲಸ ಒಂದು ವಾರದೊಳಗೆ ಕಣ್ಣೆದುರಿಗೇ ಸಾಗುತ್ತದೆ.

ಕಿರುಮೆದುಳು ಎಂಬ ಈ ಕಟ್ಟಡದ ಮುಖ್ಯ ಕಂಬ ಪರ್ಕಿಂಜಿ ಕೋಶ. 1837ರಲ್ಲಿ ಇದನ್ನು ವಿವರಿಸಿದ ಜೆಕ್ ವಿಜ್ಞಾನಿಯ ಹೆಸರೇ ಅದಕ್ಕಿದೆ. ಪುಸ್ತಕದ ನಡುವೆ ವರ್ಷಗಟ್ಟಲೆ ಒತ್ತಿಟ್ಟ ಅರಳಿ ಎಲೆಯಲ್ಲಿ ನರಗಳ ಬಲೆಯಷ್ಟೇ ಉಳಿಯುತ್ತದಲ್ಲ, ಈ ಕೋಶದ ಕೊಂಬೆಗಳು ಹಾಗೆ ಚಪ್ಪಟೆಯಾಗಿ ಹರಡಿರುತ್ತವೆ. ಆ ಬಲೆಯನ್ನು ಹಾದುಹೋಗುವ ಸಣ್ಣ ಎಳೆಗಳು ಮನುಷ್ಯರಲ್ಲಿ ಒಂದೊಂದು ಕೋಶಕ್ಕೆ ಲಕ್ಷಕ್ಕೂ ಮಿಕ್ಕಿ. ಮೈ ಎಲ್ಲಿದೆ, ಕಣ್ಣು ಏನು ಕಂಡಿತು ಎಂಬ ಸುದ್ದಿಯನ್ನೆಲ್ಲ ಅವು ತರುತ್ತವೆ. ಇವುಗಳ ಜೊತೆಗೆ ಮಿದುಳುಕಾಂಡದಿಂದ ಹೊರಟು ಕೋಶದ ಕೊಂಬೆಗಳಿಗೆ ಸುತ್ತಿಕೊಂಡು ಏರುವ ಒಂದೇ ಒಂದು ದಪ್ಪ ಎಳೆ ಇದೆ. ಎಣಿಸಿದಂತೆ ನಡೆಯಲಿಲ್ಲ ಎಂದು ಕೂಗಿ ಹೇಳುವುದು ಅದರ ಕೆಲಸ, ಕೂಗಿದಾಗಲೆಲ್ಲ ಸಣ್ಣ ಎಳೆಗಳ ಬಲ ತಿದ್ದುಪಡಿಯಾಗುತ್ತದೆ ಎಂದು 1969ರಲ್ಲಿ ಡೇವಿಡ್ ಮಾರ್, 1971ರಲ್ಲಿ ಜೇಮ್ಸ್ ಆಲ್ಬಸ್ ತರ್ಕಿಸಿದ್ದರು. ಅಲ್ಲಿಂದೀಚೆಗೆ ಜಗತ್ತಿನ ಪ್ರಯೋಗಾಲಯಗಳು ಈ ತರ್ಕವನ್ನು ಒರೆಗೆ ಹಚ್ಚುತ್ತಲೇ ಇವೆ.

ಬೆಂಗಳೂರಿನ ತಂಡ ಮೊದಲು ನೋಡಿದ್ದು ಈ ಕೋಶದ ಸ್ವಭಾವವನ್ನು. ಮೀನುಮರಿಯ ಪರ್ಕಿಂಜಿ ಕೋಶ ಒಂದು ಸ್ಥಿತಿಯಲ್ಲಿ ಒಂದೇ ಸಮನೆ ಮಿಡಿಯುತ್ತದೆ, ಇನ್ನೊಂದರಲ್ಲಿ ಬಿಟ್ಟು ಬಿಟ್ಟು ಗೊಂಚಲಾಗಿ ಮಿಡಿಯುತ್ತದೆ ಎಂದು 2015ರಲ್ಲಿ ತೋರಿಸಿದರು. ಆಮೇಲೆ ಬೆಳವಣಿಗೆಯ ಪ್ರಶ್ನೆ ಎತ್ತಿಕೊಂಡರು. ಎಳೆಯ ನರಕೋಶಗಳ ನಡುವೆ ರಾಸಾಯನಿಕ ಸಂಪರ್ಕ ಗಟ್ಟಿಯಾಗುವ ಮುನ್ನ ನೇರ ವಿದ್ಯುತ್ ಸಂಪರ್ಕಗಳಿರುತ್ತವೆ. ಅದಕ್ಕೆ ಬೇಕಾದ ಒಂದು ಪ್ರೋಟೀನನ್ನು ಜೀನ್ ಮಟ್ಟದಲ್ಲೇ ಇಲ್ಲವಾಗಿಸಿದಾಗ ಪರ್ಕಿಂಜಿ ಕೋಶದ ಕೊಂಬೆಗಳು ಕುಂಠಿತವಾದವು, ರಾಸಾಯನಿಕ ಸಂಪರ್ಕಗಳೂ ಕಡಿಮೆಯಾದವು. 2021ರಲ್ಲಿ ಪ್ರಕಟವಾದ ಈ ಕೆಲಸದ ಸಾರ ಇಷ್ಟು: ಮೊದಲ ದಿನಗಳ ಆ ಸಂಪರ್ಕ ತಾತ್ಕಾಲಿಕ ಜೋಡಣೆಯಲ್ಲ, ಮುಂದಿನ ಕೊಂಬೆ ಎಷ್ಟು ಹರಡಬೇಕು ಎಂಬುದರಲ್ಲೂ ಅದರ ಕೈಯಿದೆ.

ಗಾಳದವರು ಕಿವಿಗೊಡಬೇಕಾದದ್ದು ಇದೇ ತಂಡದ 2024ರ ಫಲಿತಾಂಶಕ್ಕೆ. ಹೊಳೆಯಲ್ಲಿ ಮೀನು ಸೆಳವಿಗೆ ಎದುರಾಗಿ ನಿಂತಲ್ಲೇ ನಿಂತಿರುವುದನ್ನು ಸೇತುವೆಯ ಕಂಬದ ಬುಡದಲ್ಲಿ ತಿಳಿನೀರಿನ ಕಾಲಕ್ಕೆ ನೋಡಿರುತ್ತೀರಿ. ತಳದ ಕಲ್ಲು ತನ್ನನ್ನು ದಾಟಿ ಮುಂದಕ್ಕೆ ಸರಿದಂತೆ ಕಂಡರೆ, ತಾನು ಹಿಂದಕ್ಕೆ ಕೊಚ್ಚಿಹೋಗುತ್ತಿದ್ದೇನೆ ಎಂದು ತಿಳಿದು ಮೀನು ಬಾಲ ಬೀಸುತ್ತದೆ. ಪ್ರಯೋಗಾಲಯದಲ್ಲಿ ಕಲ್ಲಿನ ಬದಲು ಚಲಿಸುವ ಪಟ್ಟೆಗಳು. ಒಂದೇ ಬಗೆಯ ಹರಿವನ್ನು ಮತ್ತೆ ಮತ್ತೆ ತೋರಿಸಿದಾಗ ಮರಿ ಮುಂದಿನದನ್ನು ನಿರೀಕ್ಷಿಸತೊಡಗಿತು. ಕೋಶಗಳಲ್ಲಿ ಆ ನಿರೀಕ್ಷೆಯ ಗುರುತು ಬಲವಾಗಿದ್ದಾಗ ಬಾಲ ಬೇಗ ಆಡಿತು, ಮಸುಕಾಗಿದ್ದಾಗ ತಡವಾಯಿತು. ಹರಿವು ನಿರೀಕ್ಷೆಗೆ ಹೊಂದದಿದ್ದಾಗ ಆ ದಪ್ಪ ಎಳೆ ಕೂಗಿತು. ಕಿರುಮೆದುಳನ್ನು ನಾಶಮಾಡಿದ ಮರಿಗಳೂ ಈಜಿದವು, ಆದರೆ ನಿರೀಕ್ಷೆಯಿಂದ ಸಮಯದಲ್ಲಿ ಆಗುತ್ತಿದ್ದ ಹೆಚ್ಚುಕಡಿಮೆ ಮಾಯವಾಗಿತ್ತು. ಇಂಥ ಮುನ್ನೋಟ ಹುಟ್ಟಿ ವಾರವಾದ ಮೀನಿಗೂ ಇದೆ.

ಹಾಗಾದರೆ ಗಾಳ ಎಂದರೆ ಎರಡು ಕಿರುಮೆದುಳುಗಳ ನಡುವಿನ ಪಂದ್ಯ. ಮೀನು ತನ್ನ ಹೊಳೆಯಲ್ಲಿ ಹುಟ್ಟಿ ಬೆಳೆದದ್ದು, ಅದರ ಅಂದಾಜು ಪಕ್ಕಾ. ನಮ್ಮದು ವಾರಕ್ಕೊಮ್ಮೆಯ ಶೋಕಿ. ಆದ್ದರಿಂದ ಹೊಸಬರಿಗೆ ನನ್ನ ಸಲಹೆ, ಅಂಗಡಿಯವರಿಗೆ ಬೇಸರವಾದರೂ ಸರಿ: ಕೋಲು ಬದಲಿಸುವ ಚಟ ಬಿಡಿ. ಹೊಸ ಕೋಲಿನ ಬಾಗು ಬೇರೆ, ಹೊಸ ದಾರದ ಹಿಗ್ಗು ಬೇರೆ, ಹೊಸ ಬೆಂಡಿನ ತೇಲು ಬೇರೆ. ಒಂದನ್ನು ಬದಲಿಸಿದರೂ ಕೈ ಕಟ್ಟಿಕೊಂಡ ಅಂದಾಜು ಮತ್ತೆ ಹೊಂದಿಕೊಳ್ಳಬೇಕು. ಒಂದು ಹಂಗಾಮು ಪೂರ್ತಿ ಒಂದೇ ಕೋಲು, ಒಂದೇ ಬೆಂಡು, ಒಂದೇ ಜಾಗ ಇಟ್ಟುಕೊಳ್ಳಿ. ಬೆಂಡು ವಾಲಿದೊಡನೆ ಎತ್ತಿ. ತಪ್ಪಿದರೆ ತಪ್ಪಲಿ, ಆ ದಪ್ಪ ಎಳೆಗೆ ತಪ್ಪೇ ಊಟ. ಎರೆ ಎಷ್ಟು ಖರ್ಚಾಯಿತು ಎಂದು ಮನೆಯಲ್ಲಿ ಕೇಳಿದರೆ ಕಿರುಮೆದುಳಿನ ಟ್ಯೂಷನ್ ಫೀಸು ಎನ್ನಿ, ವಿಜ್ಞಾನ ನಿಮ್ಮ ಕಡೆಗಿದೆ.