ನಕ್ಷತ್ರಪಟಗಳ ಆಯ್ಕೆ: ಒಂದು ವಿಮರ್ಶೆ

ನಕ್ಷತ್ರಗಳ ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರಪಟ ಉತ್ತಮವೆಂಬ ಭ್ರಮೆಯಿಂದ ಈ ಲೇಖಕನು ಹಿಂದೊಮ್ಮೆ ಎರಡು ತಿಂಗಳ ಉಳಿತಾಯವನ್ನು ವ್ಯಯಮಾಡಿದ್ದುಂಟು. ಲಕ್ಷಗಟ್ಟಲೆ ತಾರೆಗಳುಳ್ಳ ಆ ಗ್ರಂಥವನ್ನು ಮಾಳಿಗೆಯ ಮೇಲೆ ಬಿಚ್ಚಿ ಕುಳಿತರೆ ಪುಟದ ತುಂಬ ಸಾಸಿವೆ ಚೆಲ್ಲಿದಂತೆ ಚುಕ್ಕೆಗಳು. ಕಣ್ಣೆತ್ತಿದರೆ ಆಕಾಶದಲ್ಲಿ ಮಹಾವ್ಯಾಧನ ಏಳೆಂಟು ತಾರೆಗಳು. ಒಂದಕ್ಕೊಂದು ಹೊಂದದೆ ಮೂರು ರಾತ್ರಿ ಕಳೆದವು. ನಾಲ್ಕನೆಯ ದಿನ ಗ್ರಂಥ ಬೀರು ಸೇರಿತು. ದೋಷ ಗ್ರಂಥದ್ದಲ್ಲ, ಅಕ್ಷರಾಭ್ಯಾಸಕ್ಕೆ ಮುನ್ನ ಮಹಾಕೋಶವನ್ನು ಕೊಂಡವನದು. ಆದರೆ ಹೀಗೆ ಎಷ್ಟು ಎಳೆಯರ ಕುತೂಹಲ ಮೊಳಕೆಯಲ್ಲೇ ಬಾಡಿಹೋಗಿರಬಹುದೆಂಬುದನ್ನು ನೆನೆದು, ಮೂರು ಪ್ರಸಿದ್ಧ ಪಟಗಳನ್ನು ಇಲ್ಲಿ ತೂಗಿನೋಡಲು ಯತ್ನಿಸಿದ್ದೇನೆ.

ಇವುಗಳಲ್ಲಿ ಹಿರಿಯದು ಆರ್ಥರ್ ನಾರ್ಟನ್ ಎಂಬ ಇಂಗ್ಲಿಷ್ ಶಾಲಾಶಿಕ್ಷಕರು 1910ರಲ್ಲಿ ಹೊರತಂದ ನಕ್ಷತ್ರಪಟ. ಬರಿಗಣ್ಣಿಗೆ ನಿಲುಕುವ ತಾರೆಗಳೇ ಇದರ ಮುಖ್ಯ ವಿಷಯ. ಕೆಲವೇ ಜೋಡಿಪುಟಗಳಲ್ಲಿ ಇಡೀ ಆಕಾಶ ಅಡಗಿರುವುದರಿಂದ ಒಂದು ರಾಶಿಯನ್ನು ನೆರೆಹೊರೆಯ ಸಮೇತ ಒಮ್ಮೆಗೇ ಕಾಣಬಹುದು. ಶಿಕ್ಷಕನ ಕೈವಾಡ ಇದರಲ್ಲಿ ಎದ್ದು ಕಾಣುತ್ತದೆ. ಕಲಿಯುವವನಿಗೆ ಯಾವುದನ್ನು ಕೊಡಬಾರದೆಂಬುದು ಅವರಿಗೆ ತಿಳಿದಿತ್ತು.

ಡಚ್ ನಕ್ಷೆಗಾರ ವಿಲ್ ಟಿರಿಯನ್ ಕೈಯಿಂದಲೇ ರಚಿಸಿದ 'ಸ್ಕೈ ಅಟ್ಲಾಸ್ 2000.0' ಪ್ರಕಟವಾದುದು 1981ರಲ್ಲಿ. 26 ನಕ್ಷೆಗಳಲ್ಲಿ 8ನೆಯ ಕಾಂತಿಮಾನದವರೆಗಿನ 43,000 ತಾರೆಗಳು. 1998ರ ದ್ವಿತೀಯ ಆವೃತ್ತಿಯಲ್ಲಿ 8.5ರವರೆಗಿನ 81,000. (ಕಾಂತಿಮಾನದ ಅಂಕಿ ಏರಿದಂತೆ ತಾರೆ ಮಂಕೆಂಬುದನ್ನು ಹೊಸಬರು ಗಮನಿಸಬೇಕು.) ಸೌಂದರ್ಯದಲ್ಲಿ ಇದಕ್ಕೆ ಎಣೆಯಾದುದನ್ನು ನಾನು ಕಂಡಿಲ್ಲ. ಆದರೆ ಹಾಳೆಗಳು ವಿಶಾಲ. ಮೇಜಿಲ್ಲದೆ, ಗಾಳಿ ಬೀಸುವ ಬಯಲಿನಲ್ಲಿ, ಇದರೊಡನೆ ಸೆಣಸುವುದರಲ್ಲೇ ರಾತ್ರಿ ಕಳೆದೀತು.

ಆ ತೊಡಕನ್ನು ನೀಗಿದ್ದು ರೋಜರ್ ಸಿನ್ನಾಟ್ 2006ರಲ್ಲಿ ಸಿದ್ಧಪಡಿಸಿದ 'ಪಾಕೆಟ್ ಸ್ಕೈ ಅಟ್ಲಾಸ್'. 80 ಪುಟ್ಟ ನಕ್ಷೆಗಳು, 7.6ರವರೆಗಿನ 30,796 ತಾರೆಗಳು. ಸಾಧಾರಣ ಬೈನಾಕ್ಯುಲರ್ ಉಳ್ಳವನಿಗೆ ಇದು ಯಥೇಷ್ಟ. ದೊಡ್ಡ ರಾಶಿಗಳು ಎರಡು ಮೂರು ಪುಟಗಳಿಗೆ ಹರಿದು ಹಂಚಿಹೋಗಿರುವುದೂ, ಐವತ್ತು ದಾಟಿದ ಕಣ್ಣಿಗೆ ಮಂದ ಬೆಳಕಿನಲ್ಲಿ ಅಕ್ಷರಗಳು ಸಣ್ಣವೆನಿಸುವುದೂ ಇದರ ಕೊರತೆಗಳು.

ನಮ್ಮ ನಾಡಿನವರು ಇನ್ನೊಂದನ್ನು ಪರಿಶೀಲಿಸಲೇಬೇಕು. ಉತ್ತರ ದೇಶಗಳ ಲೇಖಕರ ಕೈಪಿಡಿಗಳು ದಕ್ಷಿಣದ ಆಕಾಶವನ್ನು ಅವಸರದಲ್ಲಿ ಮುಗಿಸುವುದುಂಟು. ಲಂಡನ್ನಿನಲ್ಲಿ ಎಂದೂ ಉದಯಿಸದ ಒಮೆಗಾ ಸೆಂಟಾರಿ ಎಂಬ ತಾರಾಗುಚ್ಛ ಧಾರವಾಡದ ಬಾನಿನಲ್ಲಿ ಸುಮಾರು 27 ಅಂಶ ಮೇಲೇರುತ್ತದೆ. ಅದು ಇಲ್ಲಿಯವರ ಭಾಗ್ಯ. ಪಟವನ್ನು ಕೊಳ್ಳುವವರು ಮೊದಲು ದಕ್ಷಿಣದ ಪುಟಗಳನ್ನು ತಿರುವಿನೋಡಲಿ.

ಮೊಬೈಲ್ ಫೋನಿನಲ್ಲೇ ಎಲ್ಲವೂ ದೊರೆಯುವಾಗ ಮುದ್ರಿತ ಪಟವೇಕೆ ಎನ್ನುವವರಿದ್ದಾರೆ. ಕತ್ತಲೆಗೆ ಕಣ್ಣು ಪೂರ್ಣವಾಗಿ ಒಗ್ಗಲು ಅರ್ಧ ಗಂಟೆಯಾದರೂ ಬೇಕು; ಆ ಯಂತ್ರದ ಬಿಳಿಬೆಳಕು ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ಕೆಂಪು ಕಾಗದ ಹೊದಿಸಿದ ಟಾರ್ಚಿನಿಂದ ಪಟವನ್ನು ಓದಿದರೆ ಈ ಬಾಧೆಯಿಲ್ಲ. ಬಿಳಿ ಹಾಳೆಯ ಮೇಲೆ ಕಪ್ಪು ಚುಕ್ಕೆಗಳಿರುವುದನ್ನೇ ಆರಿಸುವುದು ಲೇಸು. ಕಂಡದ್ದನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡಬಹುದು.

ಬರಿಗಣ್ಣಿನವರಿಗೆ ನಾರ್ಟನ್, ಬೈನಾಕ್ಯುಲರ್ ಬಂದ ಮೇಲೆ ಸಿನ್ನಾಟ್, ದೂರದರ್ಶಕವೂ ಮೇಜೂ ಒದಗಿದಾಗ ಟಿರಿಯನ್. ನನ್ನ ಆಯ್ಕೆ ಈ ಕ್ರಮದಲ್ಲಿದೆ. ನಾರ್ಟನ್ ಪಟದ ಹಳೆಯ ಪ್ರತಿ ಅಗ್ಗವಾಗಿ ದೊರೆತರೆ ಹಿಂಜರಿಯಬೇಕಾಗಿಲ್ಲ. 1989ರ ಆವೃತ್ತಿಯಿಂದ ಅದು 2000ದ ಗಣನೆಯನ್ನು ಅನುಸರಿಸುತ್ತದೆ. ಅದಕ್ಕೂ ಹಿಂದಿನ 1950ರ ಗಣನೆಯ ಪ್ರತಿಗಳಲ್ಲಿ ಅಯನಚಲನೆಯಿಂದಾಗಿ ಸುಮಾರು 0.7 ಅಂಶದವರೆಗೆ ವ್ಯತ್ಯಾಸ ಬರುತ್ತದೆ. ಅದು ಪೂರ್ಣಚಂದ್ರನ ಅಗಲಕ್ಕಿಂತ ತುಸು ಹೆಚ್ಚು. ಸರಿದಿರುವುದು ಅಳತೆಯ ಗೆರೆಗಳು ಮಾತ್ರ. ತಾರೆಗಳ ಪರಸ್ಪರ ವಿನ್ಯಾಸ ಬರಿಗಣ್ಣಿಗೆ ಹಾಗೆಯೇ ಇದೆ.